ಹೊರಳದ ನಾಲಿಗೆ

ಚಳ್ಳಕೆರೆಯ ನಮ್ಮ ಬೀದಿಯಲ್ಲಿದ್ದ ಮಂಡಕ್ಕಿ ಅಂಗಡಿಯವರ ನಾಲಿಗೆ ಬಹಳ ನಿಷ್ಠೆಯದು. ಎದುರಿನ ಟೈಲರ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದ ಸುಮಳನ್ನು ಮನೆಯವರು ಗಂಡೆಂದು ಬೆಳೆಸಿದ್ದರು. ಅವಳು ಸೀರೆ ಉಟ್ಟು, ಸುಮ ಎಂದು ಹೆಸರಿಟ್ಟುಕೊಂಡು ವರ್ಷಗಳೇ ಕಳೆದಿದ್ದವು. ಅಂಗಡಿಯವರು ಮಾತ್ರ ಹಳೆಯ ಹೆಸರನ್ನೇ ಕೂಗಿ, "ಏನ್ಲೇ, ಮೆಣಸಿನಕಾಯಿ ಹಾಕ್ಲೇನು?" ಎನ್ನುತ್ತಿದ್ದರು. ನಾನು ತಿದ್ದಿದರೆ, ಬಾಣಲೆಯಿಂದ ಕಣ್ಣೆತ್ತದೆ, "ಮೀಸೆ ಬಂದಿದ್ದೋನ್ನ ಅವಳು ಅನ್ನಾಕೆ ನನ್ ನಾಲಿಗೆ ಹೊರಳಲ್ಲ ನೋಡ್ರಿ" ಎನ್ನುವರು. ಊರಿನ ಧರ್ಮವೆಲ್ಲ ಆ ಒಂದು ನಾಲಿಗೆಯ ಮೇಲೆ ನಿಂತಿತ್ತು, ಪಾಪ.

ಒಂದು ಮಂಗಳವಾರ ಬೀದಿಯ ಕೊನೆಯ ಮಾರಮ್ಮನ ಗುಡಿಯಲ್ಲಿ ಅಂಗಡಿಯವರು, ಸುಮ, ನಾನು ಮೂವರೂ ಸೇರಿದೆವು. ಪೂಜಾರಿಯ ಮೈಮೇಲೆ ಅಮ್ಮ ಬಂದಳು. ಪೂಜಾರಿಗೆ ಭರ್ಜರಿ ಹುರಿಮೀಸೆ. ಅಂಗಡಿಯವರು ಅವನ ಕಾಲಿಗೆ ಅಡ್ಡಬಿದ್ದು, "ಅವ್ವಾ, ತಾಯಿ, ನನ್ ಮೊಣಕಾಲು ನೋವು ವಾಸಿ ಮಾಡವ್ವ" ಎಂದು ಬೇಡಿಕೊಂಡರು. ಎದ್ದು ಬಂದವರೇ ನನ್ನ ಕಿವಿಯಲ್ಲಿ, "ಅವ್ಳು ಇವತ್ತು ಭಾಳ ಸಿಟ್ನಾಗೆ ಅದಾಳೆ" ಎಂದರು. ನಾಲಿಗೆ ಎಣ್ಣೆ ಹಚ್ಚಿದಂತೆ ಹೊರಳುತ್ತಿತ್ತು.

ಹಿಂದೆ ನಿಂತಿದ್ದ ಸುಮ ಮೆಲ್ಲಗೆ ಹೇಳಿದಳು: "ಅಣ್ಣಾ, ಅರ್ಧ ತಾಸು ಬಂದ್ ಹೋಗೋಳಿಗೆ ಮೀಸೆ ಇದ್ರೂ ಅವ್ವ ಅಂತೀರಿ. ನಾನು ಎಲ್ಲಿಗೂ ಹೋಗಲ್ಲ, ದಿನಾ ಇಲ್ಲೇ ಇರ್ತೀನಿ."

ಮರುದಿನ ಅಂಗಡಿಯವರು ಅವಳಿಗೆ ಮಂಡಕ್ಕಿ ಕೊಡುವಾಗ ಬಾಯಿಗೆ ಬಂದ "ಲೇ" ಅನ್ನು, ಗುಡಿಯ ಕಡೆ ಒಮ್ಮೆ ನೋಡಿ, ನುಂಗಿಕೊಂಡರು. ಆಮೇಲೆ, "ತಗಳವ್ವ" ಎಂದರು.

ಮೊಣಕಾಲು ವಾಸಿಯಾಯಿತೋ ಇಲ್ಲವೋ ತಿಳಿಯದು. ನಾಲಿಗೆಯಂತೂ ವಾಸಿಯಾಗಿತ್ತು.