ಸೊಟ್ಟ ಸೈಲೆನ್ಸರಿನ ಮೂಳೆ ಡಾಕ್ಟರು

ನಮ್ಮ ಸರ್ ಏನನ್ನೇ ನೋಡುವುದಿದ್ದರೂ ಮೊದಲು ಎಡಗಣ್ಣು ಮುಚ್ಚುತ್ತಿದ್ದರು. ಎಕ್ಸ್‌ರೇ ಇರಲಿ, ಗೋಡೆಯ ಕ್ಯಾಲೆಂಡರ್ ಇರಲಿ, ಅವರ ಹೆಂಡತಿ, ನಮ್ಮ ಆಂಟಿ, ತಟ್ಟೆಗೆ ಹಾಕಿದ ಅಕ್ಕಿರೊಟ್ಟಿಯೇ ಇರಲಿ, ಬಲಗಣ್ಣೊಂದರಿಂದಲೇ ಅದು ನೆಟ್ಟಗಿದೆಯೋ ಸೊಟ್ಟಗಿದೆಯೋ ಅಳೆಯುವರು. ಕೋವಿಡ್ ಬಂದು ಎಲ್ಲರ ಮುಖಕ್ಕೂ ಮಾಸ್ಕ್ ಬಿದ್ದ ಮೇಲೆ ಐರ್ಲೆಂಡಿನ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ನಾವು ಅವರನ್ನು ಗುರುತಿಸುತ್ತಿದ್ದದ್ದು ಆ ಒಂಟಿಗಣ್ಣಿನಿಂದಲೇ. ಎದುರು ಬಂದವರ ಮಾಸ್ಕ್ ಸೊಟ್ಟಗಿದ್ದರೆ ತಡೆದು ನಿಲ್ಲಿಸಿ ಸರಿಮಾಡಿಸುವರು.

ಸರ್ ಕೊಡಗಿನವರು, ಮೂಳೆ ಡಾಕ್ಟರು. ನಾನು ಅವರ ಕೈಕೆಳಗೆ ಪಳಗುತ್ತಿದ್ದ ಕಿರಿಯ ಡಾಕ್ಟರು. ಮೊದಲ ದಿನವೇ ಅವರು ಹೇಳಿದ ಪಾಠ ಇದು: "ನೋಡಮ್ಮಾ, ನೋವು ಶುರುವಾಗೋಕ್ ಮುಂಚೆ ಏನ್ ಮಾಡಿದ್ರಿ ಅಂತ ಕೇಳು. ಏನೂ ಮಾಡಿಲ್ಲ ಅಂತಾರೆ. ನೀನು ಬಾಯಿ ಮುಚ್ಕೊಂಡು ಕೂತ್ಕೋ. ತಾವಾಗೇ ಹೇಳ್ತಾರೆ." ಅದು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಏನೂ ಮಾಡಿಲ್ಲ ಎಂದು ಆಣೆ ಇಟ್ಟ ಅಜ್ಜಿಯೊಬ್ಬಳು ಸ್ವಲ್ಪ ಹೊತ್ತು ಬಿಟ್ಟು, ಪರದೆ ಬಿಚ್ಚಲು ಮೇಜಿನ ಮೇಲೆ ಕುರ್ಚಿ ಇಟ್ಟು ಹತ್ತಿದ್ದೆ ಎಂದು ಒಪ್ಪಿಕೊಂಡಿದ್ದಳು.

ಕೋವಿಡ್ ವಾರ್ಡಿನಲ್ಲಿ ನನಗೆ ನೈಟ್ ಡ್ಯೂಟಿ ಬಿದ್ದದ್ದೇ ತಡ, ಮನೆ ಮಾಲೀಕ ಹೆದರಿ ಬೇರೆ ಕಡೆ ನೋಡಿಕೊಳ್ಳಿ ಎಂದ. ಸರ್ ಊರ ಹೊರಗಿದ್ದ ತಮ್ಮ ಮನೆಯ ಗ್ಯಾರೇಜಿನ ಮೇಲಿನ ಕೋಣೆ ಬಿಟ್ಟುಕೊಟ್ಟರು. ಬೆಳಿಗ್ಗೆ ಬಂದು ಮಲಗಿದರೆ ನಾನು ಏಳುವುದು ಸಂಜೆಗೆ. ಆದರೆ ಪಕ್ಕದ ರೈತನ ಹೊಲದಲ್ಲಿ ಮೊಲಗಳ ಕಾಟ. ರೈತನಲ್ಲಿ ಹಳೆಯ ಕೋವಿಯಿದ್ದರೂ ಗುರಿ ಇರಲಿಲ್ಲ; ಅವುಗಳನ್ನು ಹೊಡೆಯುವ ಜವಾಬ್ದಾರಿ ಸರ್ ಅವರದು. ಪರವಾನಗಿ ಪಡೆದ ಸಣ್ಣ ಕೋವಿಯೊಂದು ಅವರಲ್ಲಿತ್ತು. ಮೊದಲ ಮಧ್ಯಾಹ್ನ ಅದರ ಸದ್ದಿಗೆ ನಾನು ಮಂಚದಿಂದ ಕೆಳಗೆ ಬಿದ್ದೆ. ಕೆಲವೇ ವಾರಗಳಲ್ಲಿ ಸರ್ ಪೊಲೀಸರ ಅನುಮತಿ ಪಡೆದು ಕೋವಿಯ ಮೂತಿಗೆ ಸೈಲೆನ್ಸರ್ ತಂದರು. "ಸದ್ದಾದ್ರೆ ಮೊಲ ಓಡೋಗ್ತವಮ್ಮಾ, ಅದಕ್ಕೆ," ಎಂದರು. ನಾನು ನಂಬಿದೆ.

ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಬಂತು. ಕೊಡಗಿನಲ್ಲಿ ಕೋವಿ, ಕತ್ತಿಗಳನ್ನು ಪೂಜಿಸುವ ಹಬ್ಬ. ಸರ್ ಸೈಲೆನ್ಸರ್ ಬಿಚ್ಚಿ, ಸ್ನಾನ ಮಾಡಿ, ಗಂಧ ತೇಯ್ದು, ಕೋವಿಯ ಮೂತಿಗೆ ಹೂ ಸಿಕ್ಕಿಸಿದರು. ಊರಿನ ಹೂ ಇಲ್ಲಿ ಎಲ್ಲಿ ಸಿಗಬೇಕು? ಬೇಲಿಯಲ್ಲಿ ಬೆಳೆದ ಕೇಸರಿ ಬಣ್ಣದ ಐರಿಷ್ ಹೂವೇ ಆಯಿತು. ಬೇಲಿಯಾಚೆಯಿಂದ ರೈತ ಬಾಯಿ ತೆರೆದು ನೋಡುತ್ತಿದ್ದ. ಸರ್ ಉತ್ಸಾಹದಿಂದ, ನಮ್ಮಲ್ಲಿ ಸಾವಾದರೆ ಊರಿಗೆ ತಿಳಿಯಲೆಂದು ಗಾಳಿಗೆ ಎರಡು ಗುಂಡು ಹಾರಿಸುತ್ತೇವೆ ಎಂದೂ ವಿವರಿಸಿದರು.

"ಎರಡು ಯಾಕೆ ಡಾಕ್ಟರ್? ಸತ್ತದ್ದು ಖಾತ್ರಿ ಆಗ್ಲಿ ಅಂತನಾ?" ಎಂದ ರೈತ.

ಹಬ್ಬ ಮುಗಿದದ್ದೇ ಗ್ರಹಚಾರ ಶುರುವಾಯಿತು. ಮೊಲಕ್ಕೆ ಗುರಿಯಿಟ್ಟ ಗುಂಡು ಹಸುಗಳ ನೀರಿನ ತೊಟ್ಟಿಗೆ ಬಿತ್ತು. ಮೊಲ ಓಡಲೂ ಇಲ್ಲವಂತೆ, ನಿಂತು ನೋಡಿತಂತೆ. ಸರ್ ಗುಂಡು ಬದಲಾಯಿಸಿದರು, ಕೋವಿಯ ಮೇಲಿನ ದುರ್ಬೀನನ್ನು ಬೈದರು, ಐರ್ಲೆಂಡಿನ ಗಾಳಿಯನ್ನು ಬೈದರು. ಕೊನೆಗೆ ಸೈಲೆನ್ಸರಿನ ತೂತಿನ ಅಂಚಿನಲ್ಲಿ ಹೊಳೆಯುವ ಗೀರೊಂದು ಕಂಡಿತು. ಸೈಲೆನ್ಸರ್ ಸೊಟ್ಟಗೆ ಕೂತಿದೆ, ಗುಂಡು ಹೊರಗೆ ಬರುವಾಗ ಅದಕ್ಕೆ ಸವರಿಕೊಂಡು ಬರುತ್ತಿದೆ! "ಇನ್ನು ಇದನ್ನ ಹೊಡೆಯೋ ಹಾಗಿಲ್ಲ, ಅಪಾಯ," ಎಂದು ಸರ್ ಕೋವಿ ಇಟ್ಟುಬಿಟ್ಟರು. ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಕೋವಿ ರಿಪೇರಿಯವನು ಇದ್ದದ್ದು ಬೇರೆ ಊರಿನಲ್ಲಿ.

ರೈತ ಬಂದು ಹೇಳಿದ: "ಮೊಲಗಳು ಗ್ರ್ಯಾಂಡ್ ಆಗಿವೆ ಡಾಕ್ಟರ್. ಬಾರ್ಲಿ ಮಾತ್ರ ಇಲ್ಲ. ಭಾನುವಾರದವರೆಗೆ ನೋಡ್ತೀನಿ, ಆಮೇಲೆ ಬೇರೆಯವರನ್ನ ಕರೀತೀನಿ."

ಕೊಡಗಿನವರು ಪಕ್ಕದಲ್ಲೇ ಇದ್ದೂ ಮೊಲ ಹೊಡೆಯಲು ಬೇರೆಯವರು ಬರುವುದೆಂದರೆ! "ಊರಲ್ಲಿ ಗೊತ್ತಾದ್ರೆ ನಾವು ಯಾರ ಮದುವೆಗೂ ಹೋಗೋ ಹಾಗಿಲ್ಲ," ಎಂದರು ಆಂಟಿ. ಸರ್‌ಗೆ ಊಟ ಸೇರಲಿಲ್ಲ.

ಶನಿವಾರ ಸಂಜೆ ನಾನೆದ್ದು ಟೀಗೆ ಹೋದಾಗ ಗುಂಡು ತೆಗೆದ ಕೋವಿ ಅಡುಗೆಮನೆಯ ಮೇಜಿನ ಮೇಲಿತ್ತು. ಸರ್ ಎಡಗಣ್ಣು ಮುಚ್ಚಿಕೊಂಡು ಅದನ್ನೇ ನೋಡುತ್ತಿದ್ದರು. ನನಗೆ ಎಲ್ಲಿಂದ ಧೈರ್ಯ ಬಂತೋ, ಕೇಳಿಯೇಬಿಟ್ಟೆ: "ಸರ್, ಇದು ಶುರುವಾಗೋಕ್ ಮುಂಚೆ ಏನ್ ಮಾಡಿದ್ರಿ?"

"ನಾನಾ? ಏನೂ ಮಾಡಿಲ್ಲಮ್ಮಾ!"

ನಾನು ಬಾಯಿ ಮುಚ್ಚಿಕೊಂಡು ಕೂತೆ. ಒಲೆಯ ಹತ್ತಿರ ಆಂಟಿಯೂ ಸೌಟು ಆಡಿಸುವುದನ್ನು ನಿಲ್ಲಿಸಿದರು.

"ಪೂಜೆ ಮಾಡಿದ್ದೆ, ಅಷ್ಟೆ."

ನಾನು ಟೀ ಕುಡಿದೆ.

"ಗಂಧ ಹಚ್ಚಿದ್ದೆ."

ಇನ್ನೊಂದು ಗುಟುಕು.

"ಮೂತಿಗೂ ಹಚ್ಚಿದ್ದೆ," ಎಂದವರೇ ಸರ್ ಎರಡೂ ಕಣ್ಣು ಮುಚ್ಚಿಕೊಂಡರು.

ಸೈಲೆನ್ಸರ್ ತಿರುಗಿಸಿ ಕೂರಿಸುವ ತಿರುಪಿನ ಸುತ್ತುಗಳ ಒಂದು ಬದಿಯಲ್ಲಿ ಮೈಸೂರಿನ ಗಂಧ ಒಣಗಿ ಸಿಮೆಂಟಾಗಿತ್ತು. ಆಂಟಿ ಹಳೆಯ ಟೂತ್‌ಬ್ರಷ್ ತಂದುಕೊಟ್ಟು, "ಭಕ್ತಿ ಸ್ವಲ್ಪ ಜಾಸ್ತಿ ಆಯ್ತು," ಎಂದರು. ಉಜ್ಜಿದ ಮೇಲೆ ಸೈಲೆನ್ಸರ್ ನೆಟ್ಟಗೆ ಕೂತಿತು. ಗೀರಿನ ಫೋಟೊ ನೋಡಿದ ರಿಪೇರಿಯವನೂ ಪರವಾಗಿಲ್ಲ ಎಂದ. ಭಾನುವಾರ ರೈತನ ಗೇಟಿನಲ್ಲಿ ಎರಡು ಮೊಲ ತೂಗಾಡಿದವು. ಕೊಡಗಿನ ಮಾನ ಉಳಿಯಿತು.

ಸಂಜೆ ರೈತ ಒಂದು ಪೊಟ್ಟಣ ಹಿಡಿದು ಬಂದ. ಒಳಗೆ ಅವನ ಹೆಂಡತಿ ಹೆಣೆದ ಪುಟ್ಟ ಕಾಲುಚೀಲ. "ನಿಮ್ಮ ಮಗುವಿಗೆ," ಎಂದ. ಯಾವ ಮಗು ಎಂದು ಆಂಟಿ ಗಾಬರಿಯಾದರು.

"ಸೈಲೆನ್ಸರ್ ಬಿಚ್ಚಿಟ್ಟು ಹೊಡೀರಿ, ಆಗ ಸರಿಯಾಗೇ ಬೀಳುತ್ತಲ್ಲ ಅಂದೆ. ಮೇಲೆ ಮಗು ಮಲಗಿದೆ, ಆಗಲ್ಲ ಅಂತ ಡಾಕ್ಟರೇ ಹೇಳಿದ್ರು."

ಸರ್ ಎಡಗಣ್ಣು ಮುಚ್ಚಿ ಆಕಾಶ ನೋಡತೊಡಗಿದರು. ತಮ್ಮ ಮಾನ ಹೋದರೂ ಸರಿ, ನನ್ನ ನಿದ್ದೆ ಕೆಡಬಾರದು ಎಂದು ಆ ಮನುಷ್ಯ ಇಷ್ಟು ದಿನ ಅವಮಾನ ನುಂಗಿಕೊಂಡಿದ್ದರು. ಕಾಲುಚೀಲ ನಾನೇ ಇಟ್ಟುಕೊಂಡೆ. ನನ್ನ ಹೆಬ್ಬೆರಳಿಗೆ ಸರಿಹೋಗುತ್ತದೆ.

ಆ ಮನೆಯಲ್ಲಿ ಆಮೇಲೆ ನನ್ನ ನಿದ್ದೆ ಕೆಟ್ಟದ್ದು ಒಂದೇ ಸಲ, ಮುಂದಿನ ವಸಂತದಲ್ಲಿ. ಸರ್ ಬೆಳಿಗ್ಗೆ ನಗುತ್ತಲೇ ಡ್ಯೂಟಿಗೆ ಹೊರಟಿದ್ದರು. ಮಧ್ಯಾಹ್ನ ಅಲ್ಲಿಯೇ ಎದೆ ಹಿಡಿದುಕೊಂಡು ಕುಸಿದರಂತೆ. ಆಸ್ಪತ್ರೆಗೆ ಧಾವಿಸಿದ ಆಂಟಿ ಅಲ್ಲಿಂದಲೇ ರೈತನಿಗೆ ಫೋನ್ ಮಾಡಿ ತಿಳಿಸಿದ್ದರು. ಇದೊಂದೂ ಗೊತ್ತಿಲ್ಲದೆ ನಾನು ಮಲಗಿದ್ದೆ. ಹೊಲದ ಕಡೆಯಿಂದ ಢಂ ಎಂದು ಕೋವಿಯ ಸದ್ದಾಯಿತು. ಥತ್, ಸರ್ ಇವತ್ತು ಸೈಲೆನ್ಸರ್ ಮರೆತಿದ್ದಾರೆ ಎಂದು ಸಿಟ್ಟಿನಿಂದ ಮಗ್ಗುಲು ಬದಲಿಸಿದೆ. ಇನ್ನೊಂದು ಸದ್ದಾಯಿತು. ಎದ್ದು ಕೂತೆ. ದೇವರೇ, ಇನ್ನೊಂದು ಹಾರಲಿ ಎಂದು ಉಸಿರು ಬಿಗಿಹಿಡಿದು ಕಾದೆ. ಹೊಲದಲ್ಲಿ ರೈತ ಕೋವಿ ಇಳಿಸಿ, ಟೋಪಿ ತೆಗೆದು ನಿಂತಿದ್ದ.