ಸೊಟ್ಟ ಹಿಡಿಕೆ

ಶಿವನಿ ಊರಿನಿಂದ ಬರುತ್ತಿದ್ದ ಆ ಟೈಲ್ಸ್ ಮೇಸ್ತ್ರಿಗೆ ನೆಲದ ಇಳಿಜಾರು ನೋಡಲು ಲೆವೆಲ್ ಪಟ್ಟಿಗಿಂತ ಒಂದು ಚೊಂಬು ನೀರಿನ ಮೇಲೆ ನಂಬಿಕೆ ಹೆಚ್ಚು. "ತಡೀರಿ, ನೀರನ್ನೇ ಕೇಳಣ" ಎಂದು ನೆಲಕ್ಕೆ ಸುರಿದು, ಕುಕ್ಕರುಗಾಲಲ್ಲಿ ಕೂತು, ಅದು ಹರಿದು ಮುಗಿಯುವವರೆಗೂ ಮಾತಾಡುತ್ತಿರಲಿಲ್ಲ.

ತರೀಕೆರೆಯ ನಮ್ಮ ಮನೆಯಲ್ಲಿ ಮಾವ ಆಸೆಪಟ್ಟು ಹಾಕಿಸಿದ್ದ ಬಾತ್‌ಟಬ್ ಇತ್ತು. ಅದರ ಅಂಚು ದಾಟುವಾಗ ಅತ್ತೆ ಜಾರಿಬಿದ್ದು ಸೊಂಟ ಮುರಿದುಕೊಂಡ ಮೇಲೆ ಆರು ತಿಂಗಳು ನಾನೇ ಸ್ನಾನ ಮಾಡಿಸಿದೆ. ಅಷ್ಟು ಹೊತ್ತೂ ಅವರು ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಕೊನೆಗೆ ಟಬ್ ಕೀಳಿಸಿ, ಹೊಸ್ತಿಲೂ ಇಲ್ಲದ ಹಾಗೆ ಷವರ್ ಮಾಡಿಸಲು ಮೇಸ್ತ್ರಿಯನ್ನು ಕರೆಸಿದೆವು.

ಹಿಡಿದು ಏಳಲು ಸ್ಟೀಲ್ ಹಿಡಿಕೆ ಕೂರಿಸುವ ದಿನ ಮೇಸ್ತ್ರಿ ಟೇಪು ಬಿಚ್ಚಲೇ ಇಲ್ಲ. ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ, "ಅಮ್ಮಾ, ಕಣ್ಣಿಗೆ ಸೋಪು ಹೋಗೈತೆ ಅನ್ಕಳಿ. ಕಣ್ಮುಚ್ಕೊಂಡು ಏಳಿ ನೋಡಣ" ಎಂದರು. ಅತ್ತೆ ಗೋಡೆ ತಡಕಿದರು. ಅವರ ಕೈ ಮೊದಲು ತಾಗಿದಲ್ಲಿ ಮೇಸ್ತ್ರಿ ಒಂದು, ಎದ್ದು ನಿಂತಾಗ ಊರಿದಲ್ಲಿ ಇನ್ನೊಂದು ಪೆನ್ಸಿಲ್ ಗುರುತು ಹಾಕಿ, ಎರಡನ್ನೂ ಸೇರಿಸಿ ಓರೆಯಾಗಿ ಹಿಡಿಕೆ ಕೂರಿಸಿದರು.

"ಸೊಟ್ಟಗೆ ಕಾಣುತ್ತಲ್ಲ ಮೇಸ್ತ್ರಿ?" ಎಂದೆ.

"ಕಾಣ್ಲಿ ಬಿಡಿ ಅಕ್ಕಾ. ಕಣ್ಣಾಗೆ ಸೋಪು ಇರೋರು ಸೊಟ್ಟ ನೋಡ್ತಾರಾ?"

ಸಿಮೆಂಟು ಒಣಗಿದ ಮೇಲೆ ನೋಡಿಹೋಗಲು ಬಂದಿದ್ದ ಮೇಸ್ತ್ರಿಯ ಎದುರೇ ಅತ್ತೆ ಸ್ನಾನಕ್ಕೆ ಹೊರಟರು. ಅಭ್ಯಾಸದಂತೆ ಟವೆಲ್ ಹಿಡಿದು ನಾನೂ ಹಿಂದೆ ಹೋದೆ. "ನೀನೆಲ್ಲಿಗೇ ಬತ್ತೀಯ?" ಎಂದು ಟವೆಲ್ ಕಿತ್ತುಕೊಂಡು ಬಾಗಿಲು ಹಾಕಿಕೊಂಡರು.

ಮೇಸ್ತ್ರಿ ಆಚೆ ಕುಕ್ಕರುಗಾಲಲ್ಲಿ ಕೂತರು. ಒಳಗೆ ನೀರಿನ ಸದ್ದು ನಿಲ್ಲುವವರೆಗೂ ಮಾತಾಡಲಿಲ್ಲ.