ತಿಕೋಟಾದಲ್ಲಿ ಬಿಟ್ಟ ಗೋಲು

ನಮ್ಮ ಗೋಲ್‌ಕೀಪರ್ ನಿಂತಲ್ಲಿ ನಿಲ್ಲುವ ಮನುಷ್ಯನಾಗಿರಲಿಲ್ಲ. ಆ ವರ್ಷ ನಮ್ಮ ಕ್ಲಬ್ಬು ಸೋತ ಆಟಗಳಲ್ಲಿ ಅರ್ಧವಾದರೂ ಇದೇ ಕಾರಣಕ್ಕೆ ಸೋತಿತು ಎಂದು ನಾನು ವಿಜಾಪುರದ ಬಜಾರಿನ ತುಂಬ ಹೇಳಿಕೊಂಡು ತಿರುಗುತ್ತಿದ್ದೆ. ಎರಡನೆಯ ಮಹಾಯುದ್ಧದ ಕಾಲ. ಧಾರವಾಡದಲ್ಲಿ ಬಿ.ಎ. ಮುಗಿಸಿ ಊರಿಗೆ ಮರಳಿದ್ದೆ, ಕೆಲಸ ಸಿಕ್ಕಿರಲಿಲ್ಲ. ಓದಿದ ತಲೆಗೆ ಬೇರೆ ಉದ್ಯೋಗವಿಲ್ಲದೆ ಅದು ಪೂರ್ತಿಯಾಗಿ ಫುಟ್‌ಬಾಲಿಗೆ ಬಿದ್ದಿತ್ತು.

ಇಬ್ರಾಹಿಂಪುರದ ಹತ್ತಿರ, ರೈಲು ಹಳಿಯ ಪಕ್ಕದ ಗಟ್ಟಿ ಗರಸುಕಲ್ಲಿನ ಬಯಲು ನಮ್ಮ ಮೈದಾನ. ಆಟಗಾರರೆಲ್ಲ ಬರಿಗಾಲಿನವರು. ಬೂಟು ಹಾಕಿ ಆಡುವುದೆಂದರೆ ಅದು ಪಲ್ಟನ್ನಿನ ಸಿಪಾಯಿಗಳ ಆಟ. ನಮ್ಮವರು ಕಣಕಾಲಿಗೆ ಹಳೆಯ ಧೋತರದ ಪಟ್ಟಿ ಬಿಗಿದುಕೊಂಡರೆ ಮುಗಿಯಿತು, ಸಿದ್ಧ. ದಸರೆಯಿಂದ ಯುಗಾದಿಯವರೆಗೆ ಸುತ್ತಲಿನ ಊರುಗಳ ತಂಡಗಳ ಜೊತೆ ಆಟ ನಡೆಯುತ್ತಿತ್ತು. ಆ ವರ್ಷ ಬಬಲೇಶ್ವರದವರು ನಮಗೆ ಮಧ್ಯಾಹ್ನ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ಹೊಟ್ಟೆ ತುಂಬ ಬಡಿಸಿ ಸಂಜೆ ಸೋಲಿಸಿ ಕಳಿಸಿದರು. ಕಾಖಂಡಕಿಯವರು ನಮ್ಮ ಮೈದಾನಕ್ಕೇ ಬಂದು ಸೋಲಿಸಿ, ಹೋಗುವಾಗ ‘ಮತ್ತ ಬರ್ತೇವ್ರಿ’ ಎಂದು ಕೈ ಮುಗಿದು ಹೋದರು.

ತಪ್ಪು ಯಾರದೆಂದು ಯಾರಾದರೂ ಕೇಳಿದರೆ ನಾನು ಒಬ್ಬೊಬ್ಬರನ್ನೇ ಬಿಡಿಸಿ ಹೇಳುತ್ತಿದ್ದೆ. ಮುಂದೆ ಆಡುವ ಅರಿವೆ ಅಂಗಡಿಯವರ ಮಗ ಗೋಲು ತಪ್ಪಿದಾಗಲೆಲ್ಲ ಚಡ್ಡಿಯಿಂದ ಬಾಚಣಿಗೆ ತೆಗೆದು ಕ್ರಾಪು ತೀಡುತ್ತಿದ್ದ. ಆ ವರ್ಷ ಅವನ ಕ್ರಾಪು ಬಹಳ ಚೆನ್ನಾಗಿತ್ತು. ನಡುವೆ ಆಡುವ ಇಬ್ಬರು ಅಣ್ಣತಮ್ಮಂದಿರು ಮನೆ ಪಾಲಾದ ಮೇಲೆ ಮಾತು ಬಿಟ್ಟವರು, ಹಾಗಾಗಿ ಚೆಂಡನ್ನೂ ಒಬ್ಬರಿಗೊಬ್ಬರು ಕೊಡುತ್ತಿರಲಿಲ್ಲ. ಹಿಂದೆ ಆಡುವ ನಮ್ಮ ಕ್ಯಾಪ್ಟನ್ ಗರಡಿಮನೆಯ ಪೈಲ್ವಾನ. ಚೆಂಡು ಬಂದರೆ ಚೆಂಡನ್ನು ಬಿಟ್ಟು ಅದನ್ನು ತಂದವನನ್ನು ಹಿಡಿಯುತ್ತಿದ್ದ. ಅವನ ಹಿಂದೆ ನಮ್ಮ ಗೋಲ್‌ಕೀಪರ್, ಸೋದರಮಾವನ ಸೈಕಲ್ ಅಂಗಡಿಯಲ್ಲಿ ಪಂಚರ್ ಹಾಕುತ್ತಿದ್ದ ತೆಳ್ಳನೆಯ ತರುಣ. ಆಟ ಶುರುವಾದರೆ ಅವನ ಕಾಲಿಗೂ ಬಾಯಿಗೂ ತಡೆಯೇ ಇರಲಿಲ್ಲ. ಬಿದಿರಿನ ಕಂಬಕ್ಕೆ ಬಡಿಯುವನು, ಕುಣಿಯುವನು, ಚೆಂಡು ಬೇಕೆಂದು ಮೈದಾನದ ನಡುವಿನವರೆಗೆ ಓಡುವನು. ಅವನು ಅಲ್ಲಿದ್ದಾಗ ಚೆಂಡು ಇಲ್ಲಿ ಗೋಲಿನೊಳಗೆ ಉರುಳಿರುತ್ತಿತ್ತು.

ನಾನು ಯಾವಾಗಲೂ ಅವನ ಗೋಲಿನ ಹಿಂದೆಯೇ ನಿಲ್ಲುತ್ತಿದ್ದೆ. ಬಯ್ಯಲು ಅದು ಸರಿಯಾದ ಜಾಗ. ಅವನು ಸಿಟ್ಟಾಗುತ್ತಿರಲಿಲ್ಲ. ‘ಬಿ.ಎ. ಸಾಹೇಬ್ರ, ಮುಂದಿನ ಆಟದಾಗ ನೋಡ್ರಿ’ ಎನ್ನುವನು. ನನ್ನ ಜೊತೆ ಎಲ್ಲ ಆಟಕ್ಕೂ ಬರುತ್ತಿದ್ದವನು ಎಲೆ ಅಡಿಕೆ ಮಾರುವ ಚಾಚಾ. ನನಗಿಂತ ಎರಡು ಪಟ್ಟು ವಯಸ್ಸಿನವನು, ಆಟದ ದಿನ ಅಂಗಡಿ ಮುಚ್ಚುವವನು. ನಾನು ಇಷ್ಟೆಲ್ಲ ವಿವರಿಸಿದರೆ ಅವನದು ಒಂದೇ ತೀರ್ಪು:

‘ಹನ್ನೊಂದ ಮಂದಿ ಅದಾರ ಬೇಟಾ. ಟೀಮ್ ಎಲ್ಲೈತಿ?’

ಕೊನೆಯ ಆಟ ತಿಕೋಟಾದಲ್ಲಿ. ಪೆಟ್ರೋಲು ಸಿಗದ ದಿನಗಳು, ಇದ್ದಲಿ ಉರಿಸಿ ಓಡಿಸುವ ಬಸ್ಸು. ಏರು ಬಂದಾಗ ಅದು ಕೆಮ್ಮಿ ನಿಲ್ಲುವುದು, ನಾವು ಇಳಿದು ನೂಕುವುದು. ಹಾಗೆ ಒಮ್ಮೆ ನೂಕುತ್ತಿದ್ದಾಗ ಪೈಲ್ವಾನ ಗೋಲ್‌ಕೀಪರನ ಹೆಗಲ ಮೇಲೆ ಕೈಯಿಟ್ಟ.

‘ತಮ್ಮಾ, ಇವತ್ತರೆ ಕಂಬ ಬಿಟ್ಟ ಅಲ್ಲಾಡಬ್ಯಾಡ. ಅಲ್ಲಾಡಿದಿ ಅಂದ್ರ ನಾನ ಬಂದು ಬಾರಿಸ್ತೇನಿ.’

‘ಹೂಂ ಅಣ್ಣಾ, ಇವತ್ತ ನಾ ಮಾರುತಿ ಗುಡಿ ಮಾರುತಿ. ಎಣ್ಣಿ ಹಚ್ಚಿದ್ರೂ ಅಲ್ಲಾಡೂದಿಲ್ಲ’ ಎಂದ ಅವನು. ಚಾಚಾ ಬಾಯಲ್ಲಿದ್ದ ಎಲೆ ಅಡಿಕೆ ಹೊರಗೆ ಬರುವಂತೆ ನಕ್ಕ.

ತಿಕೋಟಾದವರ ಮೈದಾನ ಎಂದರೆ ಜೋಳ ಕೊಯ್ದ ಎರೆಹೊಲ. ಬುಡಗಳನ್ನು ಕಿತ್ತು, ಹೆಂಟೆ ಒಡೆದು ಸಮ ಮಾಡಿದ್ದರು. ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುವ ಪರಿ ನೋಡಿದವರಿಗೇ ಗೊತ್ತು; ಕೈ ಇಳಿಬಿಟ್ಟರೆ ಮೊಣಕೈವರೆಗೆ ಹೋಗುವ ಬಿರುಕುಗಳು. ಓಡುವವರ ಕಾಲು ಸಿಗದಿರಲೆಂದು ಅವನ್ನೆಲ್ಲ ಹೊಟ್ಟು, ಮಣ್ಣು ತುಂಬಿ ಮುಚ್ಚಿದ್ದರು. ಗೋಲಿನ ಮುಂದೆ ಮಾತ್ರ ಕೊಡದಿಂದ ನೀರು ಸುರಿದಿದ್ದರು. ನಡುವಿನ ವಿಶ್ರಾಂತಿಯಲ್ಲಿ, ನಮ್ಮವನು ಆ ಕಡೆಯ ಗೋಲಿಗೆ ಬರುತ್ತಾನೆಂದು ಇನ್ನಷ್ಟು ಕೊಡಗಳು ಬಂದವು. ತಲೆಗೆ ಪಟಕಾ ಸುತ್ತಿದ ಊರ ಹಿರಿಯರೊಬ್ಬರು ಮುಂದೆ ನಿಂತು ಸುರಿಸುತ್ತಿದ್ದರು.

‘ನಿಮ್ಮ ಹುಡುಗ ಭಾಳ ಬೀಳ್ತಾನಲ್ರಿ’ ಎಂದರು ನನಗೆ. ‘ಮೊಣಕಾಲ ಕೆತ್ತಬಾರ್ದು ನೋಡ್ರಿ. ಈಟ ಮೆತ್ತಗ ಇರ್ಲಿ. ಬಂದ ಮಂದಿ ನಮ್ಮೂರಾಗ ರಕ್ತಾ ಮಾಡ್ಕೊಂಡು ಹೋದ್ರಂದ್ರ ಚಂದ ಕಾಣೂದಿಲ್ಲ.’

ನೀರು ನೆಲದ ಮೇಲೆ ನಿಲ್ಲಲಿಲ್ಲ. ಸುರಿದಷ್ಟನ್ನೂ ಮಣ್ಣು ಗಟಗಟ ಕುಡಿಯಿತು.

ಎರಡನೆಯ ಅರ್ಧ ಮುಗಿಯುತ್ತ ಬಂದರೂ ಇಬ್ಬರದೂ ಗೋಲಾಗಿರಲಿಲ್ಲ. ಒಂದೇ ಒಂದು ಆಟ ಸೋಲದೆ ಮನೆಗೆ ಹೋಗುವ ಆಸೆ ನನಗೆ ಅದೇ ಮೊದಲ ಸಲ ಹುಟ್ಟಿತ್ತು. ಗೋಲ್‌ಕೀಪರ್ ಕಂಬ ಬಿಟ್ಟಿರಲಿಲ್ಲ, ಆದರೆ ಬಾಯಿಗೆ ಬಿಡುವು ಕೊಟ್ಟಿರಲಿಲ್ಲ. ಚೆಂಡು ಆ ತುದಿಯಲ್ಲಿದ್ದಾಗ ಅರ್ಧ ನನ್ನ ಕಡೆ ತಿರುಗಿ, ‘ಸಾಹೇಬ್ರ, ಇಲ್ಲಿ ನೆಲಾ ಎಟ್ಟ ಥಣ್ಣಗ ಐತ್ರಿ. ನಮ್ಮ ಗರಸಿನ್ಯಾಗ ಅಂಗಾಲ ಸುಟ್ಟ ಹಪ್ಪಳ ಆಗತಾವು. ನಾವೂ ನಾಳಿಂದ’ ಎಂದ.

ಅಷ್ಟಕ್ಕೆ ಮಾತು ನಿಂತಿತು.

ತಿಕೋಟಾದ ಆಟಗಾರನೊಬ್ಬ ಚೆಂಡು ತರುತ್ತಿದ್ದ. ಗೋಲ್‌ಕೀಪರ್ ಅಲುಗಾಡದೆ ನಿಂತದ್ದನ್ನು ನೋಡಿ ನನಗೆ ಸಂತೋಷವಾಯಿತು. ಅದನ್ನು ಬರೆಯದೆ ಇರಲಾರೆ. ಕೊನೆಗೂ ಒಬ್ಬ ಗೋಲ್‌ಕೀಪರ್ ನಮಗೆ ಸಿಕ್ಕ ಎಂದುಕೊಂಡೆ. ಹೊಡೆತ ಬಂತು, ಬಲವೇ ಇಲ್ಲದ ಹೊಡೆತ. ಒಮ್ಮೆ ಪುಟಿದು, ನೆಲ ಹಿಡಿದು, ಅವನ ಬಲಗಾಲಿನಿಂದ ಒಂದು ಗೇಣು ಆಚೆ ಉರುಳಿ, ಗೆರೆ ದಾಟಿ ನನ್ನ ಮುಂದೆ ಬಂದು ನಿಂತಿತು. ಬಗ್ಗಿದ್ದರೂ ಸಾಕಿತ್ತು. ಅವನು ಬಗ್ಗಲಿಲ್ಲ. ಚೆಂಡನ್ನು ಕಣ್ಣಿನಿಂದ ಕೂಡ ಹಿಂಬಾಲಿಸಲಿಲ್ಲ.

ಬಾಯಿಗೆ ಬಂದ ಬೈಗುಳವನ್ನು ಹೊರಗೆ ಹಾಕಲು ಉಸಿರು ಎಳೆದುಕೊಂಡಾಗ ನಾನು ಅವನ ಕಾಲು ನೋಡಿದೆ.

ಎಡಪಾದದ ಮೇಲೆ ಒದ್ದೆ ಮಣ್ಣು ಮೆತ್ತಿದ ಹಗ್ಗದಂಥದು ಬಿದ್ದಿತ್ತು. ಅದರ ಒಂದು ತುದಿ ಇನ್ನೂ ಬಿರುಕಿನೊಳಗಿತ್ತು. ಇನ್ನೊಂದು ತುದಿ ಅವನ ಎರಡೂ ಕಾಲುಗಳ ಮುಂದೆ, ಮೊಣಕಾಲಿಗಿಂತ ತುಸು ಕೆಳಗೆ, ಹೆಡೆಯಾಗಿ ಎದ್ದು ನಿಂತಿತ್ತು.

ರೆಫರಿ ಸೀಟಿ ಊದಿದ. ತಿಕೋಟಾದವರು ಕುಣಿದರು. ಬಸ್ಸಿನಲ್ಲಿ ಬಂದಿದ್ದ ನಮ್ಮ ಮಂದಿ ಬದಿಯಿಂದ ಎದ್ದು, ಟವೆಲ್ಲು ಬೀಸುತ್ತ, ಗೋಲ್‌ಕೀಪರನ ಕಡೆ ಓಡಿ ಬರತೊಡಗಿದರು. ವರ್ಷವಿಡೀ ಕೂಡಿಟ್ಟ ಸಿಟ್ಟು ಅದು. ‘ನಿದ್ದಿ ಹತ್ತಿತ್ತೇನ್ಲೇ’ ಎಂದು ಒಬ್ಬ, ‘ಮಾರುತಿಗಿ ಎಣ್ಣಿ ಹಚ್ಚೋಣ ಬರ್ರಿ’ ಎಂದು ಇನ್ನೊಬ್ಬ. ಅವರೊಳಗೆ ಚಾಚಾನ ದನಿಯೂ ಕೇಳಿತು. ಅಷ್ಟು ಜನರ ಓಟಕ್ಕೆ ನೆಲ ಸಣ್ಣಗೆ ನಡುಗುವುದು ನನ್ನ ಚಪ್ಪಲಿಗೆ ತಿಳಿಯುತ್ತಿತ್ತು. ನನಗೆ ತಿಳಿದದ್ದು ಹಾವಿಗೂ ತಿಳಿದಿರಬೇಕು. ಹೆಡೆ ಅತ್ತ ತಿರುಗಿತು, ಮತ್ತೆ ಅವನ ಕಾಲಿನ ಕಡೆ ತಿರುಗಿತು. ನಾನು ಬಾಯಿ ತೆರೆದೆ. ಸದ್ದು ಹೊರಡಲಿಲ್ಲ. ಹೊರಟಿದ್ದರೆ ಅವನು ಉಳಿಯುತ್ತಿದ್ದನೋ ಬೆಚ್ಚಿ ಸಾಯುತ್ತಿದ್ದನೋ, ಅದನ್ನು ನಾನು ಇಂದಿಗೂ ಎರಡೂ ಕಡೆಯಿಂದ ಯೋಚಿಸುತ್ತೇನೆ.

ಎಲ್ಲರಿಗಿಂತ ಹತ್ತಿರವಿದ್ದವನು ಪೈಲ್ವಾನ. ದೊಡ್ಡ ಹೆಜ್ಜೆ ಹಾಕುತ್ತ ಬಂದ, ಬಂದವನೇ ಕೆನ್ನೆಗೆ ಹೊಡೆಯಲು ಕೈ ಎತ್ತಿದ. ಗೋಲ್‌ಕೀಪರ್ ಅವನ ಮುಖವನ್ನೇ ನೋಡಿದ, ಆಮೇಲೆ ಕಣ್ಣು ಮಾತ್ರ ಕೆಳಗಿಳಿಸಿದ. ಪೈಲ್ವಾನನ ಕಣ್ಣೂ ಇಳಿಯಿತು. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು.

ಹಿಂದಿನಿಂದ ಬಂದವರಿಗೆ ಕಂಡದ್ದು ಪೈಲ್ವಾನನ ಬೆನ್ನು ಅಷ್ಟೇ. ಅವರು ಬಂದು ಆ ಬೆನ್ನಿಗೆ ಬಿದ್ದರು. ಅವನು ತಿರುಗಲಿಲ್ಲ, ಮಾತಾಡಲಿಲ್ಲ. ಎರಡೂ ತೋಳು ಅಗಲ ಮಾಡಿ, ಬರಿಯ ಅಂಗಾಲುಗಳನ್ನು ಹಸಿ ಮಣ್ಣಿಗೆ ಊರಿ ನಿಂತ. ‘ಸರೀಲೇ, ನಮಗೂ ಒಂದ ಏಟ ಬಿಡು’ ಎಂದು ಹಿಂದಿನಿಂದ ನೂಕುತ್ತಿದ್ದರು. ಅವನ ಕುತ್ತಿಗೆಯ ನರಗಳು ಹಗ್ಗದಂತೆ ಉಬ್ಬಿದ್ದು ನನಗೆ ಕಾಣುತ್ತಿತ್ತು. ಒಂದು ಹೆಜ್ಜೆ ಮುಂದೆ ಜಾರಿದರೆ ಅವನ ಪಾದ ನೇರ ಹೆಡೆಯ ಮೇಲೆ. ಅವನ ಬೆವರು ಗದ್ದದಿಂದ ತೊಟ್ಟಿಕ್ಕಿ ಅದರ ಹತ್ತಿರವೇ ಬೀಳುತ್ತಿತ್ತು. ಆ ತೊಟ್ಟಿಗೊಮ್ಮೆ ಹಾವು ನಾಲಿಗೆ ಚಾಚಿತು.

ಅಷ್ಟರಲ್ಲಿ ಅವನ ತೋಳಿನ ಸಂದಿಯಿಂದ ಯಾರೋ ನೋಡಿರಬೇಕು. ‘ನಾಗಪ್ಪ’ ಎಂಬ ಮಾತು ಪಿಸುದನಿಯಲ್ಲಿ ಹುಟ್ಟಿ, ಬಾಯಿಂದ ಬಾಯಿಗೆ ಹಿಂದಕ್ಕೆ ಸರಿಯಿತು. ನೂಕುವುದು ನಿಂತಿತು. ಅಷ್ಟು ಮಂದಿ ಇದ್ದ ಹೊಲದಲ್ಲಿ ದೂರದ ಎತ್ತಿನ ಕೊರಳ ಗೆಜ್ಜೆ ಕೇಳಿಸಿತು.

ಹಾವು ಹೆಡೆ ಇಳಿಸಿತು. ಅವಸರವಿಲ್ಲದೆ ತನ್ನ ಉಳಿದ ಮೈಯನ್ನೂ ಬಿರುಕಿನಿಂದ ಎಳೆದುಕೊಂಡು, ಗೋಲ್‌ಕೀಪರನ ಪಾದದ ಮೇಲಿಂದ ಹರಿದು, ಗೆರೆ ದಾಟಿ ನನ್ನ ಕಡೆ ಬಂತು. ಚೆಂಡಿನ ಹತ್ತಿರ ತಡೆದು ನಿಂತಿತು. ಅದನ್ನು ಬಳಸಿಕೊಂಡು, ಚೆಂಡಿಗೂ ನನ್ನ ಬಲಗಾಲಿನ ಚಪ್ಪಲಿಗೂ ನಡುವೆ ಇದ್ದ ಇಷ್ಟೇ ಜಾಗದಲ್ಲಿ ಸಾಗಿತು. ಅದರ ಬೆನ್ನಿಗೆ ಅಂಟಿದ ಹೊಟ್ಟಿನ ಚೂರುಗಳನ್ನು ನೋಡಿದೆ. ಎಷ್ಟು ಉದ್ದದ ಹಾವು ಎಂದು ಆಮೇಲೆ ಎಲ್ಲರೂ ಕೇಳಿದರು. ನನಗೆ ಗೊತ್ತಾಗಲಿಲ್ಲ, ಅದು ಮುಗಿಯುತ್ತಲೇ ಇರಲಿಲ್ಲ. ಗೋಲಿನ ಹಿಂದಿನ ಬದುವಿನ ಮೇಲಿದ್ದ ಜೋಳದ ಕಣಿಕೆಯ ಬಣವೆಯ ಕೆಳಗೆ ಹೋಗಿ ಮರೆಯಾಯಿತು.

ಗೋಲ್‌ಕೀಪರ್ ಆಗಲೂ ಅಲುಗಲಿಲ್ಲ. ಪೈಲ್ವಾನ ಅಗಲಿಸಿದ್ದ ತೋಳು ಇಳಿಸಿ ಅವನ ಭುಜ ಮುಟ್ಟಿದ.

‘ಕಡೀತೇನೋ ತಮ್ಮಾ?’

ಅವನು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: ‘ಗೋಲ್ ಆತೇನ್ರಿ?’

ನಾನು ನನ್ನ ಕಾಲ ಬಳಿಯ ಚೆಂಡಿನ ಕಡೆ ಕೈ ತೋರಿಸಿದೆ. ಪಟಕಾದ ಹಿರಿಯರು ತಲೆಯ ಮೇಲೆ ಕೈಹೊತ್ತು ನೆಲದಲ್ಲಿ ಕೂತಿದ್ದರು. ‘ನೀರ ಹಾಕ್ಸಿದಾಂವ ನಾನ್ರಿ’ ಎಂದು ಅದನ್ನೇ ಹೇಳುತ್ತಿದ್ದರು. ‘ಬಿರಕಿನ್ಯಾಗ ನೀರ ಹ್ವಾದ್ರ ಒಳಗಿದ್ದದ್ದ ಹೊರಗ ಬರತೈತಿ ಅಂಬೂದು ನಮ್ಮ ಮನಿ ಕೂಸಿಗೂ ಗೊತ್ತೈತ್ರಿ. ಇವತ್ತ ನನ್ನ ಬುದ್ಧಿ ಎಲ್ಲಿ ಮೇಯಾಕ ಹೋಗಿತ್ತೋ.’ ಆ ಗೋಲು ಲೆಕ್ಕಕ್ಕಿಲ್ಲ, ಮತ್ತೆ ಆಡಿರಿ ಎಂದು ಅವರೇ ಹೇಳಿದರು. ತಿಕೋಟಾದ ಆಟಗಾರರೂ ಒಪ್ಪಿದರು. ರೆಫರಿ ಸೀಟಿಯನ್ನು ಬಾಯಿಗಿಟ್ಟು ಎಲ್ಲರನ್ನೂ ನೋಡಿದ.

ಯಾರೂ ಆಡಲು ಹೊರಡಲಿಲ್ಲ. ಎರಡೂ ತಂಡದವರು ತಮ್ಮ ತಮ್ಮ ಪಾದಗಳನ್ನು ನೋಡಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಅದು ಮೈದಾನವಾಗಿತ್ತು, ಈಗ ಮತ್ತೆ ಎರೆಹೊಲವಾಗಿತ್ತು, ಅವರು ನಿಂತಿದ್ದದ್ದು ಬರಿಗಾಲಿನಲ್ಲಿ. ಮಾತು ಬಿಟ್ಟ ಅಣ್ಣತಮ್ಮಂದಿರಲ್ಲಿ ದೊಡ್ಡವನು, ‘ನನ್ನ ಹಿಂದ ಬಾ, ನಾ ಇಟ್ಟಲ್ಲೇ ಇಡು’ ಎಂದು ತಮ್ಮನಿಗೆ ಹೇಳಿದ. ಹಾಗೆಯೇ ಒಬ್ಬನ ಹೆಜ್ಜೆಯ ಗುರುತಿನಲ್ಲಿ ಇನ್ನೊಬ್ಬ ಹೆಜ್ಜೆ ಇಡುತ್ತ ಎಲ್ಲರೂ ಸಾಲಾಗಿ ಬಸ್ಸಿನ ಕಡೆಯ ಬದುವಿಗೆ ಬಂದರು. ಗೋಲು ಹಾಗೇ ಉಳಿಯಿತು. ನಾವು ಸೋತೆವು. ಅದರ ಬಗ್ಗೆ ನನ್ನ ಹತ್ತಿರ ಯಾವ ಅಭಿಪ್ರಾಯವೂ ಇರಲಿಲ್ಲ.

ಬಸ್ಸಿನಲ್ಲಿ ಗೋಲ್‌ಕೀಪರ್ ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡು ಕೂತ. ಏರಿನಲ್ಲಿ ನೂಕಲು ಅವನನ್ನು ಯಾರೂ ಇಳಿಸಲಿಲ್ಲ. ವಿಜಾಪುರ ಸೇರಿದಾಗ ದೀಪ ಹಚ್ಚುವ ಹೊತ್ತು. ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ. ಬಾಗಿಲವರೆಗೆ ಬಂದು, ಒಂದು ಕಾಲು ಕೆಳಗೆ ಇಳಿಬಿಟ್ಟು, ನೆಲ ಮುಟ್ಟುವ ಮೊದಲೇ ಹಿಂದಕ್ಕೆ ಎಳೆದುಕೊಂಡ. ಮತ್ತೆ ಹಾಗೆಯೇ ಮಾಡಿದ. ನಾಚಿಕೆಯಿಂದ ನಕ್ಕ.

‘ಬರೂದಿಲ್ರಿ ಅಣ್ಣಾ, ಕಾಲು’ ಎಂದ.

ಪೈಲ್ವಾನ ಬೆನ್ನು ತಿರುಗಿಸಿ ಬಗ್ಗಿದ. ಅವನು ಆ ಬೆನ್ನಿನ ಮೇಲೆ ಏರಿ ಕೂತ. ಹತ್ತು ಹೆಜ್ಜೆ ಹೋಗಿರಲಿಲ್ಲ, ‘ಅಣ್ಣಾ, ಎಡಕ್ಕ ಗಟಾರ ಐತಿ ನೋಡ್ರಿ. ಆ ನಾಯಿ ಕಡಿಯೂದಿಲ್ಲ, ನಮ್ಮ ಓಣೀದ’ ಎಂಬ ದನಿ ಶುರುವಾಯಿತು. ‘ಸುಮ್ಮ ಕೂಡ್ಲೇ’ ಎಂದ ಪೈಲ್ವಾನ.

ನಾನು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಇದ್ದೆ. ಕೆಳಗೆ ಗರಸಿನ ಗಟ್ಟಿ ನೆಲ, ಒಂದು ಕೂದಲೆಳೆಯಷ್ಟೂ ಬಿರುಕಿಲ್ಲದ್ದು. ಅದು ನನಗೆ ಕಾಣುತ್ತಿತ್ತು. ಡ್ರೈವರ್ ಎರಡು ಸಲ ಹಾರ್ನ್ ಒತ್ತಿದ. ಕೆಳಗೆ ನಿಂತಿದ್ದ ಚಾಚಾ ನನ್ನ ಮುಖ ನೋಡಿದ, ಆಮೇಲೆ ತನ್ನ ಹಳೆಯ ಜೋಡಿನಿಂದ ಮೆಟ್ಟಿಲ ಮುಂದಿನ ನೆಲವನ್ನು ಅಲ್ಲಿಷ್ಟು ಇಲ್ಲಿಷ್ಟು ತುಳಿದು ನೋಡಿದ.

‘ಇಳಿ ಬೇಟಾ’ ಎಂದ. ‘ಏನಿಲ್ಲ ಇಲ್ಲಿ.’